ಅಕ್ಕನ ಹೆಬ್ಬೆರಳು

ನನ್ನ ರೋಸಿನ ದಿನ ಹದಿನಾಲ್ಕು ತೆಂಗಿನಕಾಯಿ ತುರಿದವಳು ನನ್ನ ಅಕ್ಕ. ತುರಿದದ್ದನ್ನು ಒರಳಿನಲ್ಲಿ ರುಬ್ಬಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಹಿಂಡಿ ಹಾಲು ತೆಗೆದವಳೂ ಅವಳೇ. ಆ ಹಾಲಿನ ಒಂದು ತೊಟ್ಟೂ ಅವಳ ಕೈಯಿಂದ ನನ್ನ ಮೈಮೇಲೆ ಬೀಳಲಿಲ್ಲ. ಬೀಳದ ಹಾಗೆ ಮಾಡಿದವಳು ನಾನು.

ರೋಸ್ ಎಂದರೆ ಏನೆಂದು ನಮ್ಮವರಲ್ಲದವರಿಗೆ ಹೇಳಬೇಕು. ನಾವು ಕರಾವಳಿಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತರು, ಮನೆಮಾತು ಕೊಂಕಣಿ. ಮದುವೆಯ ಹಿಂದಿನ ದಿನ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಹಿರಿಯರು ಒಬ್ಬೊಬ್ಬರಾಗಿ ತೆಂಗಿನ ಹಾಲು ಹಚ್ಚುತ್ತಾರೆ. ಮೊದಲು ಹೆಬ್ಬೆರಳನ್ನು ಹಾಲಿನಲ್ಲಿ ಅದ್ದಿ ಹಣೆಯ ಮೇಲೆ ಶಿಲುಬೆಯ ಗುರುತು. ಆಮೇಲೆ ಮುಖ, ಕೈ, ಕಾಲು, ಕೊನೆಗೆ ತಲೆಯ ಮೇಲೆ ಒಂದು ಬೊಗಸೆ. ಸುತ್ತ ಕೂತ ಹೆಂಗಸರು ಹಾಡು ಹೇಳುತ್ತಾರೆ. ಅದಕ್ಕೆ ನೀರು ಬೆರೆಸದ ಮೊದಲ ಹಾಲೇ ಆಗಬೇಕು. ಹಚ್ಚುವ ಮೊದಲ ಕೈ ತಾಯಿಯದು. ತಾಯಿ ಇಲ್ಲದಿದ್ದರೆ, ತಾಯಿಯ ಹಾಗೆ ಸಾಕಿದವರದು.

ನನ್ನನ್ನು ಸಾಕಿದವಳು ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ಅಪ್ಪ ಹೊಸನಗರದ ಮರದ ಮಿಲ್ಲಿನಲ್ಲಿ ಗರಗಸದ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಹೋದವರು ಸಂಜೆ ಹುಬ್ಬಿನ ತುಂಬ ಮರದ ಪುಡಿ ಹೊತ್ತು ಬರುವವರು. ಅಕ್ಕ ಶಾಲೆ ಬಿಟ್ಟು ಒಲೆಯ ಮುಂದೆ ಕೂತಳು. ನಾನು ನಾಲ್ಕನೇ ತರಗತಿಯವರೆಗೆ ಹೋಗಿ ನಾನಾಗಿಯೇ ಬಿಟ್ಟೆ. ಅದಕ್ಕೆ ಅವಳು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ತನಗೆ ಸಿಗದದ್ದನ್ನು ನಾನು ಬಿಸಾಡಿದೆ ಅಂತ ಅವಳಿಗೆ ಸಿಟ್ಟು.

ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಅವಳು ನನ್ನ ಹಾಸಿಗೆಯ ಹತ್ತಿರ ಬಂದು ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಎಳೆಯುತ್ತಿದ್ದಳು. ಅಮ್ಮ ಅವಳಿಗೆ ಎಳೆಯುತ್ತಿದ್ದರಂತೆ. ಅವಳ ಬಲ ಹೆಬ್ಬೆರಳಿಗೆ ತುರಿಮಣೆಯ ಹಲ್ಲು ತಾಗಿ ಒಂದು ಗಾಯದ ಗೆರೆಯಿತ್ತು. ಆ ಗೆರೆಯ ಒರಟು ನನ್ನ ಚರ್ಮಕ್ಕೆ ಗೊತ್ತಿತ್ತು. ಮಾತು ಬಿಟ್ಟ ಆ ಎರಡು ದಿನಗಳಲ್ಲಿ ಮೊದಲನೆಯ ದಿನ ಅವಳು ಬರಲಿಲ್ಲ. ನನಗೆ ನಿದ್ರೆ ಬರಲಿಲ್ಲ. ಎರಡನೆಯ ದಿನ ಬಂದು, ಸಿಟ್ಟಿನಲ್ಲೇ, ಹಣೆ ನೋಯುವ ಹಾಗೆ ಒತ್ತಿ ಎಳೆದು, "ಸಾಕಾ?" ಅಂದಳು. ನಾನು ಸಾಲದು ಎಂದೆ. ಇನ್ನೊಂದು ಸಲ ಎಳೆದಳು. ಎಳೆಯುವಾಗ ಅವಳಿಗೆ ನಗು ಬಂದಿತ್ತು.

ನನಗೆ ಹದಿನಾಲ್ಕು ಆಗಿದ್ದಾಗ ಅವಳಿಗೆ ಸಾಗರಕ್ಕೆ ಮದುವೆಯಾಯಿತು. ಭಾವ ಲಾರಿ ಓಡಿಸುತ್ತಿದ್ದವರು. ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳು ಅವು. ಭಾವ ಅಲ್ಲಿಗೆ ಲಾರಿಯಲ್ಲಿ ಕಲ್ಲು ಸಾಗಿಸುತ್ತಿದ್ದರು. ಕೆಲಸಗಾರರ ಕಾಲೊನಿಯಲ್ಲಿ ಎಲ್ಲ ಕಡೆಯ ಜನ. ಮಲಯಾಳಿ ಡ್ರೈವರನೊಬ್ಬ ಭಾವನನ್ನು ಒಂದು ಭಾನುವಾರ ತಮ್ಮವರ ಕೂಟಕ್ಕೆ ಕರೆದುಕೊಂಡು ಹೋದ. ಅವರೂ ಯೇಸುವನ್ನು ನಂಬುವವರೇ. ಆದರೆ ಅವರಿಗೆ ನಮ್ಮ ಹಾಗೆ ಇಗರ್ಜಿ ಎಂಬ ಚರ್ಚು ಇಲ್ಲ, ಪಾದ್ರಿ ಇಲ್ಲ. ಒಂದು ಸಾಲುಮನೆಯಲ್ಲಿ ನಾಲ್ಕು ಬೆಂಚು, ಒಂದು ಮೇಜು, ಮೇಜಿನ ಮೇಲೆ ಒಂದು ರೊಟ್ಟಿ, ಒಂದು ಲೋಟ ದ್ರಾಕ್ಷಿರಸ. ಗೋಡೆ ಖಾಲಿ. ಶಿಲುಬೆಯನ್ನು ಗೋಡೆಗೆ ಹೊಡೆಯುವುದು, ಕುತ್ತಿಗೆಗೆ ಹಾಕುವುದು, ಕೈಯಲ್ಲಿ ಹಣೆಯ ಮೇಲೆ ಎಳೆಯುವುದು, ಇವೆಲ್ಲ ವಿಗ್ರಹದ ಪೂಜೆಯೇ, ಗ್ರಂಥದಲ್ಲಿ ಎಲ್ಲೂ ಹೇಳಿಲ್ಲ ಎಂಬುದು ಅವರ ಮಾತು. ಭಾವ ಮೊದಲು ಸೇರಿದರು. ವರ್ಷ ಕಳೆದ ಮೇಲೆ ಅಕ್ಕನೂ ಸೇರಿದಳು. ಗಂಡನ ಹಿಂದೆ ಹೋದಳು ಅಂತ ಊರಲ್ಲಿ ಹೇಳಿದರು. ಅದು ನಿಜವಲ್ಲ. ಅಕ್ಕ ಯೋಚನೆ ಮಾಡದೆ ಒಂದು ಪಾತ್ರೆಯನ್ನೂ ಎತ್ತಿಡುವವಳಲ್ಲ. ಆ ಒಂದು ವರ್ಷ ಅವಳು ಯೋಚಿಸುತ್ತಿದ್ದಳು.

ನಮಗೆ ಗೊತ್ತಾದದ್ದು ಅವಳು ಹೊಸ ಅಕ್ಕಿಯ ಹಬ್ಬಕ್ಕೆ ಹೊಸನಗರಕ್ಕೆ ಬಂದಾಗ. ಬಸ್ಸಿನಿಂದ ಇಳಿದವಳ ಕುತ್ತಿಗೆ ಬರಿದಾಗಿತ್ತು. ಅಮ್ಮನ ಸಣ್ಣ ಚಿನ್ನದ ಶಿಲುಬೆಯೊಂದು ಯಾವಾಗಲೂ ಅಲ್ಲಿರುತ್ತಿತ್ತು. ಅಪ್ಪ ನೋಡಿದರು, ಅವಳ ಕೈಚೀಲ ತೆಗೆದುಕೊಂಡರು. ಅಕ್ಕ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಬೆಂಕಿಪೊಟ್ಟಣ ಕೊಟ್ಟಳು. ಒಳಗೆ ಹತ್ತಿಯ ಮೇಲೆ ಅಮ್ಮನ ಶಿಲುಬೆ ಮಲಗಿತ್ತು. "ಇದು ಇನ್ನು ನಿಂದು" ಅಂದಳು. ನನಗೆ ಮೊದಲು ಖುಷಿಯಾಯಿತು. ಅವಳು ಯಾಕೆ ಕೊಟ್ಟಳೆಂದು ಸಂಜೆಯ ಹೊತ್ತಿಗೆ ಅರ್ಥವಾಯಿತು.

ಜಪಸರದ ಹೊತ್ತಿಗೆ ಅವಳು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಮುಗಿದ ಮೇಲೆ ನಾನು ಹಾಸಿಗೆಗೆ ಹೋಗಿ ಕಾದೆ. ನನಗಾಗ ಹದಿನೇಳು, ಕಾಯುವ ವಯಸ್ಸಲ್ಲ. ಆದರೂ ಅವಳು ಬಂದಾಗಲೆಲ್ಲ ಕಾಯುತ್ತಿದ್ದೆ. ಅಕ್ಕ ಬಂದಳು. ಹೊದಿಕೆ ಸರಿಮಾಡಿದಳು. ತಲೆ ಸವರಿದಳು. ಹೆಬ್ಬೆರಳು ಕೂದಲಿನಲ್ಲೇ ನಿಂತು ಹಿಂದೆ ಹೋಯಿತು.

ಮರುದಿನ ಬೆಳಿಗ್ಗೆ ಅಕ್ಕಿ ಆರಿಸುತ್ತ ಕೂತಾಗ ಶಿಲುಬೆಯ ವಿಷಯಕ್ಕೆ ನಾನೇ ಜಗಳ ತೆಗೆದೆ. ಅವಳು ತಾಳ್ಮೆಯಿಂದ ಹೇಳಿದಳು. "ನೋಡು, ಅಪ್ಪನ ಮೇಲೆ ಮಿಲ್ಲಲ್ಲಿ ಮರ ಬಿದ್ದು ಏನಾದ್ರೂ ಆದ್ರೆ, ಆ ಮರದ ತುಂಡು ಕಡಿದು ಕುತ್ತಿಗೆಗೆ ಕಟ್ಕೊಳ್ತೀಯೇನೆ?"

"ಅಪ್ಪ ಕೊನೇಗೆ ಕೈಯಿಟ್ಟಿದ್ದು ಅದರ ಮೇಲೇ ಅಂತಾದ್ರೆ ಕಟ್ಕೊಳ್ತೀನಿ" ಅಂದೆ.

ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಅಪ್ಪ ಕೇಳಿಸಿಕೊಂಡರು. "ನಾನಿನ್ನೂ ಬದುಕಿದೀನಿ ಮಾರಾಯ್ತೀರಾ. ಮರ ಬೀಳ್ಸೋದು ಆಮೇಲೆ, ಮೊದ್ಲು ಕಾಫಿ ತನ್ನಿ."

ನಾವಿಬ್ಬರೂ ನಕ್ಕೆವು. ಆದರೆ ಅಕ್ಕನ ಕಣ್ಣಲ್ಲಿ ನೀರಿತ್ತು. ನನ್ನ ಮಾತು ಅವಳಿಗೆ ತಾಗಿತ್ತು, ಅವಳ ಮಾತು ನನಗೆ ತಾಗಿತ್ತು. ಇಬ್ಬರೂ ಸೋಲಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನೆಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ನಾನು ಹೇಳಿದ್ದರಲ್ಲೂ ತಪ್ಪು ಕಾಣುವುದಿಲ್ಲ.

ಎರಡು ವರ್ಷದ ಮೇಲೆ ನನಗೆ ತೀರ್ಥಹಳ್ಳಿಯ ಸಂಬಂಧ ಗೊತ್ತಾಯಿತು. ಹುಡುಗನಿಗೆ ಅಲ್ಲಿ ಹೊಲಿಗೆ ಅಂಗಡಿ. ಒಳ್ಳೆಯ ಮನೆ, ಇಗರ್ಜಿಯ ಕೆಲಸಕ್ಕೆಲ್ಲ ಮುಂದೆ ನಿಲ್ಲುವವರು. ನೋಡಲು ಬಂದ ದಿನ ಹುಡುಗನ ಸೋದರತ್ತೆ, "ನಿನ್ನಕ್ಕ ಶಿಲುಬೆ ಬಿಟ್ಟವಳಂತಲ್ಲ, ಹೌದಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಹೌದು ಎನ್ನಲಿಲ್ಲ, ನನ್ನನ್ನು ಸಾಕಿದವಳು ಅವಳು ಅಂತಲೂ ಹೇಳಲಿಲ್ಲ. ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ ಇರಬೇಕು.

ಅಕ್ಕ ರೋಸಿಗೆ ಎರಡು ದಿನ ಮುಂಚೆ ಬಂದಳು. ಆಗ ಅಣೆಕಟ್ಟಿನ ಹಿನ್ನೀರು ಏರಿ ಹಳೆಯ ರಸ್ತೆ ಮುಳುಗಿತ್ತು. ಬಸ್ಸು ಎಲ್ಲೆಲ್ಲೋ ಸುತ್ತಿ ಬರುತ್ತಿತ್ತು. ಮಡಿಲಲ್ಲಿ ನನಗೆಂದು ತಂದ ಸೀರೆಯನ್ನು ಧೂಳು ಹಿಡಿಯದಂತೆ ಹೊದ್ದ ಬಟ್ಟೆಯಲ್ಲಿ ಸುತ್ತಿಕೊಂಡು, ತಾನು ಧೂಳಿನಲ್ಲಿ ಮಿಂದವಳ ಹಾಗೆ ಇಳಿದಳು. ಬಂದವಳೇ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ರೋಸಿನ ದಿನ ಬೆಳಕು ಹರಿಯುವ ಮುಂಚೆಯೇ ತುರಿಮಣೆಯ ಸದ್ದು ಕೇಳಿ ಎದ್ದೆ. ಬೇರೆಯವರು ಸಹಾಯಕ್ಕೆ ಹೋದರೆ, ಇದು ನನ್ನ ಕೆಲಸ ಎಂದು ಕಳಿಸಿಬಿಟ್ಟಳು.

ಸಂಜೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಹಾಲಿನ ಬಟ್ಟಲು ಎದುರಿಗೆ ಬಂತು. ಮೊದಲ ಕೈ ಅಕ್ಕನದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳು ಒದ್ದೆ ಕೈಯಲ್ಲೇ ಅಡುಗೆ ಮನೆಯಿಂದ ಬಂದಳು. ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಬಟ್ಟಲ ಮೇಲೆ ಕೈ ಅಡ್ಡ ಹಿಡಿದರು. ಶಿಲುಬೆ ಹಾಕುತ್ತೀಯೋ ಇಲ್ಲವೋ ಅಂತ ಕೇಳಿದರು. ಅಕ್ಕ ಮೆಲ್ಲಗೆ, ಹಾಲು ಹಚ್ಚುತ್ತೇನೆ, ತಲೆಗೆ ಹೊಯ್ಯುತ್ತೇನೆ, ಆಶೀರ್ವಾದವನ್ನು ಬಾಯಲ್ಲಿ ಹೇಳುತ್ತೇನೆ, ಗುರುತು ಮಾತ್ರ ಹಾಕುವುದಿಲ್ಲ ಅಂದಳು.

ಹಾಗಾದರೆ ಅದು ರೋಸ್ ಅಲ್ಲ, ಎಣ್ಣೆಸ್ನಾನ, ಅಂದರು ಅತ್ತೆ. ನಮ್ಮ ಕೇರಿಯ ಗುರ್ಕಾರರೂ ಅಲ್ಲಿದ್ದರು. ಗುರ್ಕಾರ ಎಂದರೆ ಇಗರ್ಜಿಯ ಪರವಾಗಿ ಕೇರಿಯ ಒಳ್ಳೆಯದು ಕೆಟ್ಟದ್ದು ನೋಡುವ ಹಿರಿಯರು. ಅವರು ಕೆಮ್ಮಿ, ಪಾದ್ರಿಗಳ ಕಿವಿಗೆ ಬಿದ್ದರೆ ನಾನು ಉತ್ತರ ಹೇಳಬೇಕಾಗುತ್ತದೆ ಅಂದರು. ಯಾರೋ, ಅವಳೇ ರುಬ್ಬಿದ ಹಾಲು ಆಗುತ್ತದೆ, ಅವಳ ಕೈ ಆಗುವುದಿಲ್ಲವೋ ಅಂದರು. ಹೀಗೆ ಮಾತು ನನ್ನ ತಲೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತು. ಕೊನೆಗೆ ಎಲ್ಲರೂ ಅಪ್ಪನನ್ನು ನೋಡಿದರು.

"ತಲೆ ಅವಳ್ದು" ಎಂದರು ಅಪ್ಪ, ನನ್ನನ್ನು ತೋರಿಸಿ. "ಅವಳು ಹೇಳಿದ ಹಾಗೆ ಆಗ್ಲಿ."

ಅಪ್ಪನಿಗೆ ನನ್ನ ಮೇಲೆ ನಂಬಿಕೆಯಿತ್ತು. ನಾನು "ಹಚ್ಚಕ್ಕಾ" ಎನ್ನುತ್ತೇನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದುಕೊಂಡಿದ್ದರು. ಗುರ್ಕಾರರೂ ಹಾಗೇ ಎಂದುಕೊಂಡಿದ್ದರೇನೋ, ಮುಖದಲ್ಲಿ ನಿರಾಳ ಕಾಣುತ್ತಿತ್ತು. ಮದುವಣಗಿತ್ತಿಯ ಮಾತನ್ನು ಆ ದಿನ ಯಾರೂ ತಳ್ಳುವುದಿಲ್ಲ.

ನಾನು ತಲೆಯೆತ್ತಿದೆ. ಅತ್ತೆ ಕೈ ಸರಿಸಿದ್ದರು, ಅಕ್ಕ ಬಗ್ಗಿ ಬಲಗೈ ಹಾಲಿನಲ್ಲಿ ಅದ್ದಿ ಎತ್ತಿದ್ದಳು. ಹಾಲು ಅವಳ ಬೆರಳಿಂದ ಮಣಿಕಟ್ಟಿಗೆ, ಮಣಿಕಟ್ಟಿಂದ ಮೊಣಕೈಗೆ ಇಳಿಯುತ್ತಿತ್ತು. ಹೆಬ್ಬೆರಳಿನ ಆ ಗೆರೆ ಒದ್ದೆಯಾಗಿ ಕೆಂಪಗೆ ಕಾಣುತ್ತಿತ್ತು. "ಹಚ್ಲಾ?" ಎಂದು ನನ್ನೊಬ್ಬಳಿಗೇ ಕೇಳುವ ಹಾಗೆ ಕೇಳಿದಳು.

"ಶಿಲುಬೆ ಹಾಕೋದಾದ್ರೆ ಹಚ್ಚು" ಎಂದೆ. "ಇಲ್ಲಾಂದ್ರೆ ಬೇಡ."

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಅಂಗೈಯಿಂದ ನನ್ನ ಹಣೆಯನ್ನು ಮುಚ್ಚಿಕೊಂಡೆ.

ಅಕ್ಕ ನೆಟ್ಟಗಾಗಿ ಸೆರಗಿಗೆ ಕೈ ಒರೆಸಿಕೊಂಡಳು. ಅತ್ತೆಯ ಕಡೆ ತಿರುಗಿ, "ಬೇಗ ಹಚ್ಚಿ ಅತ್ತೆ, ಅವಳಿಗೆ ಥಂಡಿ ಆಗುತ್ತೆ" ಅಂದು ಒಳಗೆ ಹೋದಳು. ಅತ್ತೆ ನನ್ನ ಹಣೆಗೆ ಶಿಲುಬೆ ಹಾಕಿದರು. ಹಾಡು ಶುರುವಾಯಿತು. ಬಾಗಿಲ ಹತ್ತಿರ, ಗಂಡಿನ ಕಡೆಯಿಂದ ಬಂದಿದ್ದ ತೀರ್ಥಹಳ್ಳಿಯ ಸೋದರತ್ತೆ ಮೆಚ್ಚಿ ತಲೆಯಾಡಿಸುತ್ತಿದ್ದರು.

ಆ ದಿನ ಎಲ್ಲರೂ ನನ್ನನ್ನು ಹೊಗಳಿದರು. ವಿಶ್ವಾಸ ಅಂದರೆ ಹೀಗಿರಬೇಕು ಅಂದರು ಗುರ್ಕಾರರು. ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ: ಅದು ವಿಶ್ವಾಸ ಅಲ್ಲ. ದೇವರ ಯೋಚನೆ ಆಗ ನನಗೆ ಇರಲೇ ಇಲ್ಲ. ನನ್ನದಾಗಿದ್ದ ಆ ಹಣೆಯ ಗುರುತನ್ನು ಅಕ್ಕ ಹಿಂದೆ ತೆಗೆದುಕೊಂಡಿದ್ದಳು, ಎಲ್ಲರೆದುರು ಅದನ್ನು ಕಸಿದುಕೊಳ್ಳಬೇಕೆಂಬ ಹಟ ಇತ್ತು. ಗಂಡನ ಮನೆಯವರ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂಬ ಆಸೆಯೂ ಇತ್ತು. ಶಿಲುಬೆಯನ್ನು ನಾನು ಆ ಎರಡಕ್ಕೆ ಬಳಸಿಕೊಂಡೆ. ಮರುದಿನ ಅಕ್ಕ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತು ಮದುವೆ ನೋಡಿ, ಊಟ ಬಡಿಸಿ, ಮಧ್ಯಾಹ್ನದ ಬಸ್ಸಿಗೆ ಹೋದಳು. ನನ್ನ ಜಡೆಯ ಹೂವು ಸರಿಮಾಡಿಯೇ ಹೋದಳು.

ಮುಂದಿನ ವರ್ಷ ನಾನು ಚೊಚ್ಚಲ ಹೆರಿಗೆಗೆ ಹೊಸನಗರಕ್ಕೆ ಬಂದೆ. ನಮ್ಮ ಸೋದರತ್ತೆಗೆ ಮೊಣಕಾಲು ನೋವು, ಬಾಣಂತನ ಮಾಡುವ ಶಕ್ತಿ ಇರಲಿಲ್ಲ. ಅಪ್ಪ ನನ್ನನ್ನು ಕೇಳದೆ ಬಸ್ಸಿನ ಕಂಡಕ್ಟರನ ಹತ್ತಿರ ಸಾಗರಕ್ಕೆ ಹೇಳಿ ಕಳಿಸಿದರು. ಅಕ್ಕ ಮೂರನೆಯ ದಿನಕ್ಕೇ ಬಂದಳು, ಒಂದು ಗಂಟು ಬೇರು-ಸೊಪ್ಪು, ಒಂದು ಸೀಸೆ ಎಣ್ಣೆ ಹಿಡಿದುಕೊಂಡು. ಬಾಗಿಲಲ್ಲಿ ನನ್ನನ್ನು ನೋಡಿ, "ಎಂತದೇ ಇದು, ಹೊಟ್ಟೆಯಾ, ಹಂಡೆಯಾ?" ಅಂದಳು. ಅಷ್ಟೇ. ರೋಸಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೆಣ್ಣು ಮಗು ಹುಟ್ಟಿತು. ನಲವತ್ತು ದಿನ ಅಕ್ಕ ನನಗೆ ಬಿಸಿನೀರು ಹೊಯ್ದಳು. ಚೊಂಬು ಚೊಂಬು ನೀರು ಬೆನ್ನ ಮೇಲೆ ಬೀಳುವಾಗ ನನ್ನ ಎದೆಯೊಳಗಿನ ಗಂಟು ಸಡಿಲುತ್ತಿತ್ತು. ಈಗ ಹೇಳಬೇಕು, ತಪ್ಪಾಯಿತು ಅಕ್ಕಾ ಅನ್ನಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಬಚ್ಚಲಿನ ಹೊಗೆಯಲ್ಲಿ ಕಣ್ಣು ಉರಿದರೆ ಅವಳು ಸೆರಗಿನಿಂದ ಒರೆಸುತ್ತಿದ್ದಳು. ಮಾತು ಹೊರಬರುತ್ತಿರಲಿಲ್ಲ.

ನನ್ನದಾದ ಮೇಲೆ ಮಗುವಿನ ಸರದಿ. ಅಕ್ಕ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಳು. ಮಗುವಿನ ಮೂಗು ನೇರವಾಗಲಿ ಎಂದು ಹೆಬ್ಬೆರಳನ್ನು ಹಣೆಯ ಮೇಲಿಂದ ಮೂಗಿನ ತುದಿಯವರೆಗೆ ಎಳೆಯುವಳು. ಹುಬ್ಬು ಚೆನ್ನಾಗಿ ಮೂಡಲಿ ಎಂದು ಈ ಹುಬ್ಬಿಂದ ಆ ಹುಬ್ಬಿಗೆ ಅಡ್ಡ ಎಳೆಯುವಳು. ಎಲ್ಲ ಜಾತಿಯ ಅಜ್ಜಿಯರೂ ಮಗುವಿಗೆ ಮಾಡುವುದು ಇದನ್ನೇ. ಮೊದಲು ಉದ್ದ, ಆಮೇಲೆ ಅಡ್ಡ. ನಾನು ದಿನವೂ ನೋಡುತ್ತಿದ್ದೆ. ಆ ಗಾಯದ ಗೆರೆಯ ಬೆರಳು ನನ್ನ ಮಗಳ ಹಣೆಯ ಮೇಲೆ ಓಡುವುದನ್ನು ನೋಡಿ ನನಗೆ ಸಮಾಧಾನವಾಗುತ್ತಿತ್ತು. ನನಗೆ ನಿಂತುಹೋದದ್ದು ಅವಳಿಗಾದರೂ ಸಿಗುತ್ತಿದೆ ಎಂದು. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಸಾಕಿತ್ತು.

ಒಂದು ಬೆಳಿಗ್ಗೆ ಮಗು ಅಕ್ಕನನ್ನೇ ನೋಡುತ್ತ ಬಾಯಿ ಅಗಲಿಸಿ ನಕ್ಕಿತು. ನಾವಿಬ್ಬರೂ ಖುಷಿಯಲ್ಲಿದ್ದೆವು. ನನ್ನ ಬಾಯಿಂದ ಬಂದುಬಿಟ್ಟಿತು. "ನೋಡಕ್ಕಾ, ಇವಳಿಗೆ ದಿನಾ ಹಾಕ್ತಿದೀಯಲ್ಲ."

"ಏನು?"

"ಶಿಲುಬೆ."

ನಾನು ನಗುತ್ತಲೇ ಹೇಳಿದ್ದೆ. ಆದರೆ ಆ ನಗುವಿನಲ್ಲಿ ಗೆದ್ದವಳ ನಗುವೂ ಸ್ವಲ್ಪ ಇತ್ತು. ಅಕ್ಕನ ಬೆರಳು ಮಗುವಿನ ಹುಬ್ಬಿನ ನಡುವೆ ನಿಂತಿತು. ತನ್ನ ಹೆಬ್ಬೆರಳನ್ನೇ ತಿರುಗಿಸಿ ನೋಡಿಕೊಂಡಳು. "ಹೌದಲ್ವಾ" ಎಂದಳು, ಕೋಪವಿಲ್ಲದೆ. ಉಳಿದ ಎಣ್ಣೆಯನ್ನು ಅಂಗೈಯಿಂದ ಹಚ್ಚಿ ಮುಗಿಸಿದಳು.

ಮರುದಿನದಿಂದ ಅವಳು ಎರಡೂ ಹೆಬ್ಬೆರಳನ್ನು ಹುಬ್ಬುಗಳ ನಡುವೆ ಇಟ್ಟು, ಒಂದನ್ನು ಆ ಕಡೆಗೆ, ಒಂದನ್ನು ಈ ಕಡೆಗೆ ಸರಿಸಿ ತಿಕ್ಕತೊಡಗಿದಳು. ಮೂಗನ್ನು ಬೇರೆಯಾಗಿ, ಕೊನೆಗೆ, ಎರಡು ಬೆರಳಿನಿಂದ ಚಿವುಟಿದ ಹಾಗೆ ಎಳೆಯುತ್ತಿದ್ದಳು. ಪ್ರೀತಿ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ. ಕಂಡ ಮೇಲೆ ಕಾಣದ ಹಾಗೆ ಇರುವುದು ಅಕ್ಕನಿಗೆ ಬರುತ್ತಿರಲಿಲ್ಲ. ಅವಳ ಕೈ ತಿಳಿಯದೆ ಕೊಡುತ್ತಿದ್ದುದನ್ನು ನಾನು ಹೆಸರು ಹಿಡಿದು ಕರೆದು ನಿಲ್ಲಿಸಿದೆ.

ನಲವತ್ತು ಮುಗಿದ ದಿನ ಭಾವ ಅವಳನ್ನು ಕರೆದುಕೊಂಡು ಹೋಗಲು ಬಂದರು. ಜಗಲಿಯಲ್ಲಿ ಅಪ್ಪನ ಹತ್ತಿರ ಮಾತಾಡುತ್ತ ಕೂತಿದ್ದರು. ಅಕ್ಕ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. ನಾನು ಕಾಫಿ ತೆಗೆದುಕೊಂಡು ಹೋದಾಗ ಭಾವ ರೋಸಿನ ವಿಷಯ ಹೇಳುತ್ತಿದ್ದರು. ನಮಗೆ ಗೊತ್ತಿರದ ವಿಷಯ. ಅಕ್ಕ ನನ್ನ ರೋಸಿಗೆ ಬರುವುದನ್ನು ಅವರ ಸಭೆಯ ಹಿರಿಯರು ಬೇಡವೆಂದಿದ್ದರಂತೆ. ಬಂದು ಹಾಲು ಹಚ್ಚಿದಳೆಂದು ಮೂರು ತಿಂಗಳು ಅವಳಿಗೆ ರೊಟ್ಟಿಯಲ್ಲಿ ಪಾಲಿರಲಿಲ್ಲ. ಭಾನುವಾರ ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಬರುತ್ತದೆ. ಅಕ್ಕ ಈ ಕಡೆಯವರಿಂದ ತೆಗೆದುಕೊಂಡು, ಮುರಿಯದೆ, ಆ ಕಡೆಯವರಿಗೆ ದಾಟಿಸುತ್ತಿದ್ದಳು.

"ನಾನು ಹಾಲು ಹಚ್ಲೇ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಅವತ್ತೇ ಮುಗೀತಿತ್ತು" ಅಂದರು ಭಾವ. "ಹೇಳ್ಲಿಲ್ಲ ಇವಳು."

"ಯಾಕಂತೆ?" ಅಪ್ಪ ಕೇಳಿದರು.

"ಮನಸ್ಸಲ್ಲಿ ಹಚ್ಚಿದೀನಲ್ಲ, ಸುಳ್ಳು ಹೆಂಗೆ ಹೇಳ್ಲಿ, ಅಂದ್ಲು."

ನಾನು ಕಾಫಿಯನ್ನು ಜಗಲಿಯ ಮೇಲಿಟ್ಟು ಒಳಗೆ ಬಂದೆ. ನಮ್ಮ ಕಡೆ ನಾನು ಹಣೆ ಮುಚ್ಚಿಕೊಂಡದ್ದು ಸಾಲದೆಂಬ ಹಾಗೆ, ಅವರ ಕಡೆಯೂ ಅವಳು ನನಗಾಗಿ ಹಸಿದು ಕೂತಿದ್ದಳು. ಹಚ್ಚದ ಹಾಲಿಗೆ.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದು ತುರಿಮಣೆ ಎಳೆದುಕೊಂಡೆ. ಎರಡು ಕಾಯಿ ತುರಿದೆ, ರುಬ್ಬಿದೆ, ಹಿಂಡಿದೆ. ಒಂದು ಹನಿ ನೀರು ಸೇರಿಸಲಿಲ್ಲ. ಬಟ್ಟಲು ಹಿಡಿದು ಅಕ್ಕನ ಮುಂದೆ ಕೂರಬೇಕು, ಹಚ್ಚು ಅಕ್ಕಾ, ಯಾವ ಗುರುತೂ ಬೇಡ ಅನ್ನಬೇಕು, ಇಷ್ಟೇ ನನ್ನ ಯೋಚನೆ. ಅಷ್ಟರಲ್ಲಿ ಭಾವ ಎದ್ದರು, ಅಪ್ಪ ಕೋಳಿ ಹಿಡಿದು ತಂದರು, ಮಗು ಅತ್ತಿತು. ಕೋಳಿ ಒಲೆಗೇರಿದ ಮೇಲೆ ಅಕ್ಕ ಒಳಗೆ ಬಂದು, ಏನು ಮಾಡ್ತಿದೀಯೆ ಎಂದು ಕೇಳಿದಳು. ಸಾರಿಗೆ ಎಂದೆ. ಅಂದದ್ದಷ್ಟೇ ಅಲ್ಲ, ಆ ಹಾಲನ್ನು ಕುದಿಯುವ ಕೋಳಿಸಾರಿಗೆ ಸುರಿದೂಬಿಟ್ಟೆ. ಅವಳ ಎದುರು ನನಗೆ ಧೈರ್ಯ ಬಂದದ್ದು ಒಂದೇ ಸಲ, ಬೇಡ ಎನ್ನುವುದಕ್ಕೆ.

ಅಕ್ಕ ಬಟ್ಟಲಿನ ತಳದಲ್ಲಿ ಉಳಿದ ಹಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ದಪ್ಪಗೆ ಅಂಟಿತು. "ಮೊದಲ್ನೇ ಹಾಲಾ?" ಎಂದಳು.

"ಹ್ಞೂಂ."

"ಸಾರಿಗೆ ಯಾರಾದ್ರೂ ಮೊದಲ್ನೇ ಹಾಲು ಪೂರಾ ಹಾಕ್ತಾರಾ, ಹುಚ್ಚಿ?"

ನಾನು ಒಲೆಯ ಕಡೆ ನೋಡುತ್ತಿದ್ದೆ. ಅವಳು ನನ್ನ ಕೈ ಹಿಡಿದು ತನ್ನ ಕಡೆ ಎಳೆದುಕೊಂಡಳು. "ಮೊಣಕೈ ನೋಡು, ಹೆಂಗೆ ಒಡೆದಿದೆ" ಎಂದು ಬೈಯುತ್ತ, ಬಟ್ಟಲನ್ನು ಅಂಗೈಯಿಂದ ಬಳಿದು, ಆ ಹಾಲನ್ನು ಮೊಣಕೈಗೆ ತಿಕ್ಕಿದಳು. ಆಮೇಲೆ ಇನ್ನೊಂದು ಮೊಣಕೈಗೆ. ಕೈಯಲ್ಲಿ ಉಳಿದ ಪಸೆಯನ್ನು ನನ್ನ ಕೆನ್ನೆಗೆ, ಕುತ್ತಿಗೆಗೆ, ಕೊನೆಗೆ ಬೈತಲೆಗೆ ಒರೆಸಿದಳು.

ಅದು ಏನೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ, ಆ ದಿನವೂ, ಅವಳು ಬದುಕಿದ್ದ ಬೇರೆ ಯಾವ ದಿನವೂ. ಆದರೆ ಆ ಬೆಳಿಗ್ಗೆ ನಾನು ಬಾಯಿ ಬಿಡಲಿಲ್ಲ. ಹೆಸರು ಹಿಡಿದು ಕರೆದರೆ ಅವಳ ಕೈ ನಿಲ್ಲುತ್ತದೆಂದು ಅಷ್ಟರೊಳಗೆ ಕಲಿತಿದ್ದೆ. ಅವಳು ತಾನಾಗಿ ಮುಗಿಸುವವರೆಗೂ ತಲೆ ತಗ್ಗಿಸಿ ನಿಂತಿದ್ದೆ.